ಗುಡುಗಿಗೆ ಅಲ್ಲಿ ‘ಗ್ಲುಡುಗ್’ ಎನ್ನುತ್ತಾರೆ

ಇಂಡೊನೇಷ್ಯದ ಜಾವಾ ದ್ವೀಪದ ನಡುಭಾಗದಲ್ಲಿ ಲಾವು ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ಪಶ್ಚಿಮದ ಇಳಿಜಾರಿನಲ್ಲಿ ತವಾಂಗ್‌ಮಂಗು ಎಂಬ ತಂಪು ಹವೆಯ ಊರು. ಬಯಲಿನ ಸುರಕರ್ತ ನಗರದ ಜನ ರಜೆ ಸಿಕ್ಕಿತೆಂದರೆ ಮಕ್ಕಳುಮರಿಗಳೊಂದಿಗೆ ಇಲ್ಲಿಗೆ ಹೊರಟುಬಿಡುತ್ತಾರೆ. ಕಾಡಿನ ನಡುವೆ ನೂರಾರು ಮೆಟ್ಟಿಲಿಳಿದು ಹೋದರೆ, ಸುಮಾರು 80 ಮೀಟರ್ ಎತ್ತರದಿಂದ ಸುರಿಯುವ ಜಲಪಾತ. ಅದರ ಹೆಸರು ಗ್ರೊಜೊಗನ್ ಸೆವು. ‘ಸೆವು’ ಎಂದರೆ ಸಾವಿರ. ‘ಗ್ರೊಜೊಗ್’ ಎಂದರೆ? ಅದಕ್ಕೆ ನಿಘಂಟು ಬೇಕಿಲ್ಲ. ಜಲಪಾತದ ಬುಡದಲ್ಲಿ ಒಂದು ನಿಮಿಷ ಕಣ್ಣುಮುಚ್ಚಿ ನಿಂತರೆ ಸಾಕು. ನೀರು ಎತ್ತರದಿಂದ ಎಡೆಬಿಡದೆ ಸುರಿಯುವ ಸದ್ದೇ ಅದು. ಸದ್ದಿಗೆ ‘ಅನ್’ ಎಂಬ ಪ್ರತ್ಯಯ ಹಚ್ಚಿದರೆ ‘ಗ್ರೊಜೊಗನ್’, ಅಂದರೆ ಜಲಪಾತ. ಪ್ರವಾಸಿಗಳ ನಕ್ಷೆಯಲ್ಲೂ ಸರ್ಕಾರದ ಫಲಕದಲ್ಲೂ ಈ ಸದ್ದು ಹೆಸರಾಗಿ ಕುಳಿತಿದೆ.

ಅದೇ ನೀರು ಕಲ್ಲುಗಳ ಸಂದಿಯಲ್ಲಿ ಸಣ್ಣಗೆ ಹರಿದರೆ ‘ಕ್ರಿಚಿಕ್’. ಮೇಲೆ ಮೋಡ ಕವಿದು ಸದ್ದಾದರೆ ‘ಗ್ಲುಡುಗ್’. ಈ ಕೊನೆಯ ಮಾತನ್ನು ಕೇಳಿದ ಕನ್ನಡಿಗ ಒಮ್ಮೆ ತಲೆ ಎತ್ತಿ ನೋಡದೆ ಇರಲಾರ. ನಮ್ಮ ‘ಗುಡುಗು’ ಸಮುದ್ರ ದಾಟಿ ಅಲ್ಲಿಗೆ ಯಾವಾಗ ಹೋಯಿತು?

ಹೋಗಿಲ್ಲ. ಕನ್ನಡ ದ್ರಾವಿಡ ಕುಟುಂಬದ ನುಡಿ. ಜಾವಾ ನುಡಿ ಆಸ್ಟ್ರೊನೇಷ್ಯನ್ ಕುಟುಂಬದ್ದು. ಪಶ್ಚಿಮಕ್ಕೆ ಮಡಗಾಸ್ಕರ್‌ನಿಂದ ಪೂರ್ವಕ್ಕೆ ಹವಾಯಿವರೆಗೆ ಹರಡಿರುವ ಕುಟುಂಬ ಅದು. ಇವೆರಡಕ್ಕೂ ರಕ್ತಸಂಬಂಧವಿಲ್ಲ. ಇಲ್ಲಿಯೂ ಅಲ್ಲಿಯೂ ಆಕಾಶ ಒಂದೇ ಬಗೆಯಲ್ಲಿ ಸದ್ದು ಮಾಡಿತು, ಎರಡು ನಾಡಿನ ಕಿವಿಗಳೂ ಅದನ್ನು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಹಿಡಿದವು, ಅಷ್ಟೆ. ಜೊತೆಗೆ ಒಂದು ಅನುಕೂಲವೂ ಕೂಡಿಬಂತು. ನಮ್ಮಂತೆ ಜಾವಾದವರೂ ‘ದ’ ಬೇರೆ, ‘ಡ’ ಬೇರೆ, ‘ತ’ ಬೇರೆ, ‘ಟ’ ಬೇರೆ ಎಂದು ಉಚ್ಚರಿಸುತ್ತಾರೆ. ಅವರ ನೆರೆಯ ಮಲಯ್ ನುಡಿಗೆ ಈ ಭೇದವಿಲ್ಲ. ಗುಡುಗನ್ನು ಅನುಕರಿಸಲು ‘ಡ’ದಂಥ ಅಕ್ಷರ ಇನ್ನೊಂದಿಲ್ಲವೆಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಶಾಲಾ ವ್ಯಾಕರಣದಲ್ಲಿ ಇಂಥ ಪದಗಳಿಗೆ ‘ಅನುಕರಣಾವ್ಯಯ’ ಎಂದು ಹೆಸರು. ಅವ್ಯಯ ಪ್ರಕರಣದ ಒಂದು ಮೂಲೆಯಲ್ಲಿ ಪಟಪಟ, ಚಟಚಟ, ದಬದಬ ಎಂದು ನಾಲ್ಕು ಉದಾಹರಣೆ ಕೊಟ್ಟು ಮುಂದೆ ಸಾಗುತ್ತೇವೆ. ಜಾವಾ ನುಡಿಯ ವ್ಯಾಕರಣ ಬರೆಯಲು ಕುಳಿತವರಿಗೆ ಹಾಗೆ ಸಾಗಿಹೋಗುವ ಸೌಕರ್ಯವಿಲ್ಲ. ಸುಮಾರು ಎಂಟು ಕೋಟಿ ಜನರ ತಾಯ್ನುಡಿಯಾದ ಅದರಲ್ಲಿ ಸದ್ದಿನ ಪದಗಳು ಮೂಲೆಯಲ್ಲಿಲ್ಲ, ಅಂಗಳದಲ್ಲೇ ಇವೆ. ನಾಮಪದ, ಕ್ರಿಯಾಪದ, ಊರಿನ ಹೆಸರು, ತಿಂಡಿಯ ಹೆಸರು, ವಾದ್ಯದ ಹೆಸರು ಎಲ್ಲವೂ ಅಲ್ಲಿಂದ ಹುಟ್ಟುತ್ತವೆ; ಕೆಲಸ ನಡೆಯುವುದು ಮಾತ್ರ ಕಟ್ಟುನಿಟ್ಟಿನ ನಿಯಮಗಳಂತೆ.

ಕೆಲಸವಿಲ್ಲದ ಅಕ್ಷರಗಳಿಗೆ ಕೆಲಸ

ಕನ್ನಡ ವರ್ಣಮಾಲೆಯಲ್ಲಿ ‘ಙ’ ಮತ್ತು ‘ಞ’ ಎಂಬ ಎರಡು ಅಕ್ಷರಗಳಿವೆ. ಒಂದನೆಯ ತರಗತಿಯ ಮಗು ಅವನ್ನು ಬಾಯಿಪಾಠ ಮಾಡುತ್ತದೆ, ಆಮೇಲೆ ಜೀವಮಾನವಿಡೀ ಬಿಡಿಯಾಗಿ ಬಳಸುವ ಪ್ರಸಂಗ ಬರುವುದಿಲ್ಲ. ಜಾವಾ ನುಡಿಯಲ್ಲಿ ಈ ಎರಡಕ್ಕೂ ದಿನವಿಡೀ ದುಡಿಮೆ. ಪದಗಳು ಇವುಗಳಿಂದಲೇ ಶುರುವಾಗುತ್ತವೆ.

ಹೇಗೆಂದರೆ, ನೀರಿಗೆ ಒಂದು ಕಲ್ಲು ಬಿತ್ತೆನ್ನಿ. ಸದ್ದು ‘ಪ್ಲುಂಗ್’. ಇದಕ್ಕೆ ಮುಂದೆ ಒಂದು ಅಕ್ಷರ ಕೂಡಿ ‘ಚೆಂಪ್ಲುಂಗ್’ ಎಂಬ ಧಾತುವಾಗುತ್ತದೆ. ಇನ್ನು ಅದನ್ನು ಕ್ರಿಯಾಪದ ಮಾಡಬೇಕು. ಜಾವಾದ ನಿಯಮದಂತೆ ಧಾತುವಿನ ಮೊದಲ ವ್ಯಂಜನ ತೆಗೆದು ಅದೇ ವರ್ಗದ ಅನುನಾಸಿಕವನ್ನು ಕೂರಿಸಬೇಕು. ‘ಚ’ ಹೋಗಿ ‘ಞ’ ಬಂತು: ‘ಞೆಂಪ್ಲುಂಗ್’, ಅಂದರೆ ನೀರಿಗೆ ಧುಮುಕು. ಬೇಕೆಂದು ಧುಮುಕದೆ ಕಾಲುಜಾರಿ ಬಿದ್ದರೆ ‘ಕೆ’ ಎಂಬ ಉಪಸರ್ಗ: ‘ಕೆಚೆಂಪ್ಲುಂಗ್’. ಇನ್ನೊಬ್ಬರು ಹಿಡಿದು ನೀರಿಗೆ ಹಾಕಿದರೆ ಅದಕ್ಕೂ ಒಂದು ರೂಪವಿದೆ. ಒಂದು ಕಲ್ಲಿನ ಸದ್ದಿನಿಂದ ಇಷ್ಟು ಸಂಸಾರ.

ಈ ಅನುನಾಸಿಕದ ನಿಯಮ ಸದ್ದಿನ ಪದಗಳಿಗಷ್ಟೇ ಮೀಸಲಲ್ಲ. ‘ಪಚುಲ್’ ಎಂದರೆ ಗುದ್ದಲಿ. ‘ಮಚುಲ್’ ಎಂದರೆ ಗುದ್ದಲಿಯಿಂದ ಅಗೆ. ‘ತುಲಿಸ್’ನಿಂದ ‘ನುಲಿಸ್’, ಬರೆ. ‘ಕಿರಿಮ್’ನಿಂದ ‘ಙಿರಿಮ್’, ಕಳಿಸು. ಪವರ್ಗಕ್ಕೆ ಮ, ತವರ್ಗಕ್ಕೆ ನ, ಚವರ್ಗಕ್ಕೆ ಞ, ಕವರ್ಗಕ್ಕೆ ಙ. ನಮ್ಮ ಪ್ರಾಥಮಿಕ ಶಾಲೆಯ ಗೋಡೆಗೆ ನೇತುಹಾಕಿದ ವರ್ಣಮಾಲೆಯ ಪಟವನ್ನೇ ಮುಂದಿಟ್ಟುಕೊಂಡು ಜಾವಾದ ಕ್ರಿಯಾಪದಗಳನ್ನು ಕಲಿಸಬಹುದು! ಇದೇನೂ ವಿಚಿತ್ರವಲ್ಲ. ಜಾವಾದ ಹಳೆಯ ಲಿಪಿ ‘ಹನಚರಕ’ವೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತಾನವೇ, ಪಲ್ಲವರ ಲಿಪಿಯ ದಾರಿಯಾಗಿ ಹೋದದ್ದು. ಲಿಪಿ ಇಲ್ಲಿಂದ ಹೋಯಿತು, ಅನುನಾಸಿಕದ ಚಟ ಮಾತ್ರ ಅವರದೇ ಸ್ವಂತ.

ಧುಮುಕುವ ಕ್ರಿಯಾಪದವನ್ನು ಬಿಡುವ ಮುನ್ನ ಒಂದು ಮಾತು. ಇಂಡೊನೇಷ್ಯದ ಆರೋಗ್ಯ ಇಲಾಖೆಯವರು ಗ್ರಾಮ ನೈರ್ಮಲ್ಯದ ಬಗ್ಗೆ ಬರೆಯುವಾಗ ಗುಂಡಿ ಕಕ್ಕಸಿಗೆ ಬಳಸುವ ಅಧಿಕೃತ ಶಬ್ದ ‘ಜಂಬಾನ್ ಚೆಂಪ್ಲುಂಗ್’. ಏಕೆಂದು ಬಿಡಿಸಿ ಹೇಳುವುದು ಸಭ್ಯತೆಯಲ್ಲ.

ಸದ್ದು ಕ್ರಿಯೆಯಾಗುವ ಇನ್ನೊಂದು ದಾರಿ ಪದದ ಹೊಟ್ಟೆಯೊಳಗೆ ಅಕ್ಷರ ತೂರಿಸುವುದು. ಕನ್ನಡದಲ್ಲಿ ಪ್ರತ್ಯಯವೆಂದರೆ ಹಿಂದೆ ಹತ್ತುವುದು. ಪದವನ್ನು ಸೀಳಿ ಮಧ್ಯೆ ಇಡುವುದನ್ನು ನಾವು ಕಾಣೆವು. ಜಾವಾದವರು ‘ಕ್ರಿಚಿಕ್’ನ ಮೊದಲ ವ್ಯಂಜನದ ಹಿಂದೆಯೇ ‘ಉಮ್’ ತೂರಿಸುತ್ತಾರೆ: ‘ಕುಮ್ರಿಚಿಕ್’, ನೀರು ಜುಳುಜುಳು ಎನ್ನುತ್ತಿದೆ. ‘ಗ್ರೊಜೊಗ್’ ಹೀಗೆಯೇ ‘ಗುಮ್ರೊಜೊಗ್’ ಆಗುತ್ತದೆ, ‘ಗ್ಲುಡುಗ್’ ‘ಗುಮ್ಲುಡುಗ್’ ಆಗುತ್ತದೆ. ನಾಣ್ಯಗಳ ‘ಕ್ರಿಂಚಿಂಗ್’ ಸದ್ದು ‘ಕುಮ್ರಿಂಚಿಂಗ್’ ಎಂದರೆ ಜೇಬು ಝಣಝಣಿಸುತ್ತಿದೆ. ಆಡುಮಾತಿನಲ್ಲಿ ಈ ‘ಉಮ್’ ಸವೆದು ‘ಎಮ್’ ಆಗಿರುವುದೂ ಉಂಟು.

ದ್ವಿಲಿಂಗ, ದ್ವಿಪೂರ್ವ, ದ್ವಿವಸಾನ

ಜಾವಾದ ಮಕ್ಕಳು ಶಾಲೆಯಲ್ಲಿ ಓದುವ ವ್ಯಾಕರಣದ ಪರಿಭಾಷೆಯನ್ನು ನೋಡಿದರೆ ಕನ್ನಡ ಪಂಡಿತರಿಗೆ ನೆಂಟರ ಮನೆಗೆ ಬಂದಂತಾಗುತ್ತದೆ. ಮೂಲಪದಕ್ಕೆ ಅವರು ‘ಲಿಂಗ’ ಎನ್ನುತ್ತಾರೆ. ಇಡೀ ಪದವನ್ನು ಎರಡು ಸಲ ಹೇಳಿದರೆ ‘ದ್ವಿಲಿಂಗ’. ಮೊದಲ ಅಕ್ಷರವನ್ನಷ್ಟೇ ಇಮ್ಮಡಿಸಿದರೆ ‘ದ್ವಿಪೂರ್ವ’. ಕೊನೆಯದನ್ನು ಇಮ್ಮಡಿಸಿದರೆ ‘ದ್ವಿವಸಾನ’. ನಮ್ಮ ‘ಅವಸಾನ’ವೇ ಅದು. ಸಂಸ್ಕೃತದ ಮಾತು ಅಲ್ಲಿ ಸಾವಿರ ವರ್ಷಕ್ಕೂ ಹಿಂದೆ ಇಳಿದು, ಈಗ ಹಳ್ಳಿಯ ಮೇಷ್ಟರ ಬಾಯಲ್ಲೂ ಮನೆಮಾತಾಗಿದೆ.

ಇವುಗಳಲ್ಲಿ ಅತ್ಯಂತ ಸ್ವಾರಸ್ಯದ್ದು ‘ದ್ವಿಲಿಂಗ ಸಾಲಿನ್ ಸ್ವರ’. ಅಂದರೆ ಸ್ವರ ಬದಲಿಸಿ ಮಾಡುವ ದ್ವಿರುಕ್ತಿ. ‘ತುಕು’ ಎಂದರೆ ಕೊಳ್ಳು. ‘ತುಕ-ತುಕು’ ಎಂದರೆ ಅದು ಇದು ಎಂದು ಬೇಕಾದ್ದು ಬೇಡಾದ್ದು ಕೊಳ್ಳುತ್ತಲೇ ಇರು. ‘ಮೆಸೆಮ್’ ಎಂದರೆ ಮುಗುಳ್ನಗು. ‘ಮೆಸಮ್-ಮೆಸೆಮ್’ ಎಂದರೆ ಒಬ್ಬೊಬ್ಬನೇ ಏನೋ ನೆನೆದು ಮತ್ತೆ ಮತ್ತೆ ನಗುತ್ತಿರುವುದು. ‘ಬಾಲಿ’ ಎಂದರೆ ಹಿಂತಿರುಗು; ‘ಬೊಲ-ಬಾಲಿ’ ಎಂದರೆ ಪದೇ ಪದೇ. ನಾವು ಕೂಡ ‘ಪುಸ್ತಕ ಗಿಸ್ತಕ’, ‘ಹಣ ಗಿಣ’ ಎನ್ನುತ್ತೇವೆ. ಆದರೆ ನಮ್ಮ ‘ಗಿ’ ಬಂದರೆ ಆ ವಸ್ತುವಿನ ಜೊತೆಗೆ ಅಂಥವೇ ಇನ್ನಷ್ಟು ಎಂದಾಯಿತು. ಅವರ ಸ್ವರಪಲ್ಲಟ ಕೆಲಸದ ಲಯವನ್ನು ಹೇಳುತ್ತದೆ. ಹೋಗಿ ಬಂದು, ಮಾಡಿ ಬಿಟ್ಟು, ಗೊತ್ತುಗುರಿಯಿಲ್ಲದೆ ನಡೆಯುವ ಕೆಲಸ. ಸ್ವರ ಅತ್ತಿತ್ತ ತೂಗಿದಂತೆ ಮನುಷ್ಯನೂ ಅತ್ತಿತ್ತ ಹೊಯ್ದಾಡುವುದು ಕಿವಿಗೇ ಕಾಣುತ್ತದೆ. ಇಲ್ಲಿ ಯಾವ ಸದ್ದಿನ ಅನುಕರಣೆಯೂ ಇಲ್ಲ, ಆದರೂ ಅನುಕರಣೆಯೇ.

ದ್ವಿವಸಾನಕ್ಕೆ ಉದಾಹರಣೆ ನಗೆಯಲ್ಲೇ ಇದೆ. ಹುಡುಗಿಯರು ಬಾಯಿಗೆ ಕೈ ಅಡ್ಡಹಿಡಿದು ಕಿಸಿಕಿಸಿ ನಗುವುದು ‘ಚೆಕಿಕಿಕ್’. ಗಂಡಸರು ಗಹಗಹಿಸುವುದು ‘ಚೆಕಕಕ್’. ಎರಡು ಪದಗಳಿಗೂ ಇರುವ ವ್ಯತ್ಯಾಸ ‘ಇ’ ಮತ್ತು ‘ಅ’ ಮಾತ್ರ.

ಸಣ್ಣದಕ್ಕೆ ‘ಇ’ ಏಕೆ?

ಈ ‘ಇ’ಯ ಹಿಂದೆ ಸ್ವಲ್ಪ ಭೌತಶಾಸ್ತ್ರವಿದೆ. ‘ಕ್ಲಿಂಟಿಂಗ್’ ಎಂದರೆ ಪುಟ್ಟ ಗಂಟೆ. ‘ಕ್ಲೊಂಟಾಂಗ್’ ಎಂದರೆ ದೊಡ್ಡ ಡಬ್ಬ ಕಲ್ಲಿನ ಮೇಲೆ ಬಿದ್ದ ಸದ್ದು. ‘ಗ್ಲಿಂಡಿಂಗ್’ ಎಂದರೆ ಸಣ್ಣ ದುಂಡನೆಯ ವಸ್ತು ಉರುಳುವುದು. ‘ಗ್ಲುಂಡುಂಗ್’ ಎಂದರೆ ದೊಡ್ಡದು ಉರುಳುವುದು. ‘ಇ’ ಎನ್ನುವಾಗ ನಾಲಿಗೆ ಮುಂದೆ ಮೇಲಕ್ಕೆ ಬಂದು ಬಾಯ ಮುಂಭಾಗದಲ್ಲಿ ಪುಟ್ಟ ಗೂಡು ಉಳಿಯುತ್ತದೆ. ಪುಟ್ಟ ಗೂಡಿನ ಅನುರಣನದ ಆವೃತ್ತಿ ಹೆಚ್ಚು. ‘ಆ’, ‘ಒ’, ‘ಉ’ ಎನ್ನುವಾಗ ಗೂಡು ದೊಡ್ಡದು, ಆವೃತ್ತಿ ಕಡಿಮೆ. ಸಣ್ಣ ಗಂಟೆ, ಸಣ್ಣ ತಂತಿ, ಸಣ್ಣ ಹಕ್ಕಿ ಎಲ್ಲವೂ ಹೆಚ್ಚು ಆವೃತ್ತಿಯ ದನಿಯವೇ. ಬಾಯಿ ತನಗೆ ತಿಳಿಯದಂತೆ ವಸ್ತುವಿನ ಗಾತ್ರವನ್ನು ನಟಿಸುತ್ತದೆ.

ಇದು ಜಾವಾಕ್ಕೆ ಸೀಮಿತವಲ್ಲವೆಂದು ಪ್ರಯೋಗಗಳೂ ತೋರಿಸಿವೆ. 1929ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ‘ಮಿಲ್’, ‘ಮಲ್’ ಎಂಬ ಎರಡು ಅರ್ಥವಿಲ್ಲದ ಪದ ಕೊಟ್ಟು, ಇವೆರಡೂ ಮೇಜಿನ ಹೆಸರಾದರೆ ದೊಡ್ಡ ಮೇಜು ಯಾವುದೆಂದು ಕೇಳಿದ. ಬಹುಪಾಲು ಮಂದಿ ‘ಮಲ್’ ಎಂದರು. 2001ರಲ್ಲಿ ನರವಿಜ್ಞಾನಿ ವಿಳಯನೂರು ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ‘ಬೂಬಾ’, ‘ಕಿಕಿ’ ಎಂಬ ಎರಡು ಪದಗಳನ್ನೂ, ಒಂದು ದುಂಡನೆಯ ಮತ್ತು ಒಂದು ಮೊನಚಾದ ಚಿತ್ರವನ್ನೂ ಜನರ ಮುಂದಿಟ್ಟರು. ಅಮೆರಿಕದ ವಿದ್ಯಾರ್ಥಿಗಳೂ ಭಾರತದ ತಮಿಳು ಭಾಷಿಕರೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ದುಂಡನೆಯದಕ್ಕೇ ‘ಬೂಬಾ’ ಎಂದರು. ಪದಕ್ಕೂ ಅರ್ಥಕ್ಕೂ ಇರುವ ನಂಟು ಕೇವಲ ರೂಢಿ ಎಂದು ಸೊಸ್ಯೂರ್ ಹೇಳಿದ್ದನ್ನು ಪಾಠವಾಗಿ ಕಲಿತ ಭಾಷಾಪಂಡಿತರಿಗೆ ಜಾವಾ ನುಡಿ ಆಗಾಗ ಕಾಲಿಗೆ ತೊಡರುವುದು ಇದಕ್ಕೇ.

ಆದರೆ ನಿಯಮ ಸಿಕ್ಕಿತೆಂದು ಹಿಗ್ಗುವ ಹಾಗಿಲ್ಲ. ಜಾವಾದಲ್ಲೇ ‘ಗೆಡೆ’ ಎಂದರೆ ದೊಡ್ಡದು. ಅದಕ್ಕೆ ಒತ್ತು ಕೊಟ್ಟು ಬಹಳ ದೊಡ್ಡದು ಎನ್ನಬೇಕಾದರೆ ‘ಗೆಡಿ’ ಎನ್ನುತ್ತಾರೆ! ‘ಅಬಾಂಗ್’ ಕೆಂಪಾದರೆ ಕಡುಗೆಂಪು ‘ಅಬಿಂಗ್’. ಇಲ್ಲಿ ‘ಇ’ ಸಣ್ಣದನ್ನು ಹೇಳುತ್ತಿಲ್ಲ, ದನಿ ಏರಿಸುವುದನ್ನು ಹೇಳುತ್ತಿದೆ. ಜಾವಾದ ಪೂರ್ವಭಾಗದವರದು ಇನ್ನೊಂದು ಉಪಾಯ: ‘ಎನಕ್’ ಎಂದರೆ ರುಚಿ, ಬಹಳ ರುಚಿಯೆಂದರೆ ಮುಂದೊಂದು ‘ಉ’ ಎಳೆದು ‘ಉಎನಕ್’. ನಮ್ಮವರು ‘ದೊಡ್ಡ’ವನ್ನು ‘ದೊಡ್ಡ್ಡ್ಡ’ ಎಂದು ಎಳೆಯುವುದಿಲ್ಲವೇ, ಹಾಗೆ.

ಪದದ ಕೊನೆಯನ್ನೂ ಗಮನಿಸಬೇಕು. ಲೋಹದ ಸದ್ದುಗಳು ‘ಂಗ್’ನಲ್ಲಿ ಮುಗಿಯುತ್ತವೆ: ಕ್ಲಿಂಟಿಂಗ್, ಕ್ಲೊಂಟಾಂಗ್, ಕ್ರಿಂಚಿಂಗ್. ಮರದ ಸದ್ದು ‘ಕ್’ನಲ್ಲಿ ತುಂಡಾಗುತ್ತದೆ: ‘ಕ್ಲೊಟಾಕ್’, ‘ಟೊಕ್’. ಲೋಹ ಬಡಿದ ಮೇಲೂ ಕಂಪಿಸುತ್ತಿರುತ್ತದೆ, ಅನುನಾಸಿಕವನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಮರದ ಕಂಪನ ಕ್ಷಣದಲ್ಲಿ ಅಡಗುತ್ತದೆ, ‘ಕ್’ ಎಂದಾಗ ಉಸಿರೂ ಅಷ್ಟೇ ಬೇಗ ನಿಲ್ಲುತ್ತದೆ. ನಮ್ಮ ‘ಠಣ್’ ಮತ್ತು ‘ಟಕ್’ ಕೂಡ ಇದನ್ನೇ ಹೇಳುತ್ತವೆ. ಜಾವಾದ ಗಮೆಲಾನ್ ವಾದ್ಯವೃಂದದಲ್ಲಿ ಈ ತತ್ವವೇ ಹೆಸರುಗಳಾಗಿದೆ. ಎಲ್ಲಕ್ಕಿಂತ ದೊಡ್ಡದು ‘ಗೊಂಗ್’. ಆ ಭಾಗದ ನುಡಿಗಳಿಂದ ಹೊರಟು ಜಗತ್ತಿನ ನಿಘಂಟುಗಳಲ್ಲೆಲ್ಲ ಸೇರಿಕೊಂಡ ಪದ. ಅದರ ಮೊಳಗು ಅಲೆಯಂತೆ ಏರಿಳಿಯುತ್ತ ಬಹಳ ಹೊತ್ತು ಉಳಿಯುತ್ತದೆ. ವಾದಕರು ಅದನ್ನು ‘ಒಂಬಕ್’, ಅಲೆ, ಎಂದೇ ಕರೆಯುತ್ತಾರೆ. ‘ಕೆನೊಂಗ್’, ‘ಬೊನಾಂಗ್’ ಉಳಿದ ಲೋಹವಾದ್ಯಗಳು. ‘ಕೆಟುಕ್’ ಕೂಡ ಲೋಹದ್ದೇ; ಆದರೆ ಬಡಿದ ಕೂಡಲೇ ಸದ್ದನ್ನು ಅದುಮಿ ‘ಟುಕ್’ ಎನಿಸುವುದರಿಂದ ಹೆಸರು ‘ಕ್’ನಲ್ಲಿ ನಿಂತಿದೆ. ಹೆಸರಿಟ್ಟವರ ಕಿವಿಗೆ ಕೈಮುಗಿಯಬೇಕು.

ಮಕ್ ಬ್ರುಕ್!

ಕನ್ನಡದಲ್ಲಿ ಸದ್ದನ್ನು ವಾಕ್ಯಕ್ಕೆ ಸೇರಿಸಲು ‘ಅನೆ’ ಎಂಬ ಬಾಲವಿದೆ: ಧೊಪ್ಪನೆ ಬಿದ್ದ, ಥಟ್ಟನೆ ಎದ್ದ, ಪಕ್ಕನೆ ನಕ್ಕ. ಜಾವಾದಲ್ಲಿ ಬಾಲದ ಬದಲು ತಲೆಯಿದೆ. ಸದ್ದಿಗೆ ಮುಂಚೆ ‘ಮಕ್’ ಎಂಬ ಪುಟ್ಟ ಪದ ಬರುತ್ತದೆ. ‘ಮಕ್ ಬ್ರುಕ್’ ಎಂದರೆ ಭಾರವಾದದ್ದು ಧೊಪ್ಪನೆ ಬಿತ್ತು. ‘ಮಕ್ ಪ್ಲುಂಗ್’ ಎಂದರೆ ನೀರಿಗೆ ಬಿತ್ತು. ‘ಬಿತ್ತು’ ಎಂಬ ಕ್ರಿಯಾಪದವನ್ನು ಹೇಳದಿದ್ದರೂ ನಡೆಯುತ್ತದೆ. ಕೇಳಿದವನಿಗೆ ಬಿದ್ದದ್ದೇನು, ಎಲ್ಲಿ, ಎಷ್ಟು ತೂಕ ಎಂಬುದು ಸದ್ದಿನಿಂದಲೇ ತಿಳಿಯುತ್ತದೆ.

‘ಮಕ್’ನ ಅಧಿಕಾರ ಸದ್ದಿಗಷ್ಟೇ ಮುಗಿಯುವುದಿಲ್ಲ. ಕೆಟ್ಟ ಸುದ್ದಿ ಕೇಳಿ ಎದೆ ಧಸಕ್ಕೆಂದರೆ ‘ಮಕ್ ತ್ರತಪ್’. ಇಲ್ಲೇ ಇದ್ದವನು ಯಾರಿಗೂ ಹೇಳದೆ ಜಾರಿಕೊಂಡರೆ ‘ಮಕ್ ಪ್ಲೆಂಚಿಂಗ್’. ತಣ್ಣನೆಯದು ಮೈಗೆ ತಗುಲಿದರೆ ‘ಮಕ್ ಞೆಸ್’. ಎದೆಯ ನಡುಕಕ್ಕೂ ಜಾರಿಕೊಳ್ಳುವುದಕ್ಕೂ ಸದ್ದೆಲ್ಲ ಎಲ್ಲಿಂದ ಬರಬೇಕು? ಆದರೂ ಜಾವಾದ ಮನಸ್ಸು ಅವಕ್ಕೂ ಒಂದೊಂದು ಸದ್ದು ಹುಡುಕಿಕೊಟ್ಟಿದೆ.

ಒಂದೇ ಸಲ ನಡೆದದ್ದಕ್ಕೆ ‘ಮಕ್’ ಆದರೆ, ಎಲ್ಲೆಂದರಲ್ಲಿ ಹಲವು ನಡೆಯುತ್ತಿದ್ದರೆ ‘ಪತಿಂಗ್’. ಇದರ ಜೊತೆಗೆ ಧಾತುವಿನ ಹೊಟ್ಟೆಯಲ್ಲಿ ಒಂದು ‘ರ’ ಅಥವಾ ‘ಲ’ ತೂರಿಕೊಳ್ಳುತ್ತದೆ. ‘ಕೆಲಿಪ್’ ಎಂದರೆ ಮಿನುಗು. ‘ಪತಿಂಗ್ ಕ್ರೆಲಿಪ್’ ಎಂದರೆ ಆಕಾಶದ ತುಂಬ ನಕ್ಷತ್ರಗಳು ಅಲ್ಲೊಂದು ಇಲ್ಲೊಂದು ಮಿನುಗುತ್ತಿವೆ. ‘ಗಂಡುಲ್’ ಎಂದರೆ ತೂಗು. ‘ಪತಿಂಗ್ ಗ್ರಂಡುಲ್’ ಎಂದರೆ ಮರದ ತುಂಬ ಹಣ್ಣು ಜೋತಾಡುತ್ತಿವೆ. ‘ಸೆಬಾರ್’ ಎಂದರೆ ಹರಡು. ‘ಪತಿಂಗ್ ಸ್ಲೆಬಾರ್’ ಎಂದರೆ ಸಾಮಾನೆಲ್ಲ ಚೆಲ್ಲಾಪಿಲ್ಲಿ. ‘ಜೆರಿತ್’ ಎಂದರೆ ಚೀರು. ‘ಪತಿಂಗ್ ಜ್ಲೆರಿತ್’ ಎಂದರೆ ಎಲ್ಲರೂ ಎಲ್ಲೆಡೆಯಿಂದ ಚೀರುತ್ತಿದ್ದಾರೆ.

ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಮೂಲಪದದಲ್ಲಿ ಮೊದಲೇ ‘ಲ’ ಇದ್ದರೆ ತೂರುವುದು ‘ರ’. ‘ರ’ ಇದ್ದರೆ ತೂರುವುದು ‘ಲ’. ಎರಡು ‘ರ’ ಒಂದರ ಹಿಂದೊಂದು ಬಂದು ನಾಲಿಗೆ ತೊದಲದಿರಲಿ ಎಂಬ ಏರ್ಪಾಡು. ಇದನ್ನು ಯಾರೂ ಕೂತು ಶಾಸನ ಮಾಡಿದ್ದಲ್ಲ. ಅಕ್ಷರ ಬಾರದ ಅಜ್ಜಿಯೂ ತಪ್ಪುವುದಿಲ್ಲ.

ಒಂದೇ ಸದ್ದಿನ ತುದಿ ಹಲವು ಪದಗಳಲ್ಲಿ ಕಾಣುವುದನ್ನೂ ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ‘ಅಪಿತ್’ ಎಂದರೆ ಎರಡೂ ಬದಿಯಿಂದ ಒತ್ತು, ‘ಜೆಪಿತ್’ ಚಿಮುಟು, ‘ಚಪಿತ್’ ಏಡಿಯ ಕೊಂಡಿ, ‘ಸುಪಿತ್’ ಇಕ್ಕಳ. ಎಲ್ಲದರ ಬಾಲದಲ್ಲೂ ‘ಪಿತ್’. ಹೇಳುವಾಗ ತುಟಿ ಒತ್ತಿ, ನಾಲಿಗೆ ಹಲ್ಲಿಗೆ ಅಂಟುತ್ತದೆ. ಸ್ವಿಟ್ಜರ್ಲೆಂಡಿನ ಬ್ರಾಂಡ್‌ಸ್ಟೆಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ, ಅಮೆರಿಕದ ರಾಬರ್ಟ್ ಬ್ಲಸ್ಟ್ 1988ರಲ್ಲೂ ಇಂಥ ತುದಿಗಳು ಇಡೀ ಆಸ್ಟ್ರೊನೇಷ್ಯನ್ ಕುಟುಂಬದಲ್ಲಿ ಹರಡಿರುವುದನ್ನು ತೋರಿಸಿದರು.

ಬೀದಿಯಲ್ಲಿ ಹೋಗುವ ಸದ್ದುಗಳು

ಜಾವಾದ ಬೀದಿಯಲ್ಲಿ ವ್ಯಾಪಾರಿ ಕಾಣುವ ಮೊದಲೇ ಅವನ ಹೆಸರು ಕೇಳಿಬರುತ್ತದೆ. ರಾತ್ರಿ ಹೊತ್ತು ಗಾಡಿ ತಳ್ಳಿಕೊಂಡು, ಬಾಣಲೆಯನ್ನು ಸಟ್ಟುಗದಿಂದ ಕುಟ್ಟುತ್ತ ನೂಡಲ್ಸ್ ಮಾರುವವನದು ‘ಮಿ ಟೆಕ್-ಟೆಕ್’. ಸುರಬಾಯದ ಒಂದು ತೋಫು ತಿಂಡಿಗೆ ‘ತಾಹು ಟೆಕ್’ ಎಂದು ಹೆಸರು. ಅದನ್ನು ಕತ್ತರಿಯಿಂದ ತುಂಡರಿಸುವಾಗ ಆಗುವ ಸದ್ದೇ ಅದು. ಹಿಂದೆ ಗಿಲಕಿಯಂಥದನ್ನು ಅಲ್ಲಾಡಿಸುತ್ತ ಮನೆಮನೆಗೆ ಬಟ್ಟೆಬರೆ ಮಾರುತ್ತಿದ್ದ ಚೀನೀ ವ್ಯಾಪಾರಿಗಳಿದ್ದರು. ಆ ಗಿಲಕಿಯ ಸದ್ದು ‘ಕ್ಲೊಂಟೊಂಗ್’. ಮೊದಲು ಗಿಲಕಿಗೆ, ಆಮೇಲೆ ಅದನ್ನು ಆಡಿಸುವವನಿಗೆ, ಆಮೇಲೆ ಅವನು ಮಾರುವ ಸಾಮಾನಿಗೆ ಆ ಹೆಸರು ಅಂಟಿತು. ಈಗ ಇಡೀ ಇಂಡೊನೇಷ್ಯದಲ್ಲಿ ಕಿರಾಣಿ ಅಂಗಡಿಗೆ ‘ತೊಕೊ ಕೆಲೊಂಟೊಂಗ್’ ಎನ್ನುತ್ತಾರೆ. ಗಿಲಕಿ ಕಣ್ಮರೆಯಾದರೂ ಸದ್ದು ಬೋರ್ಡಿನ ಮೇಲಿದೆ. ನಮ್ಮ ಬುಡುಬುಡಿಕೆಯವರ ಹೆಸರನ್ನೂ, ಹಳ್ಳಿಯವರು ಮೋಟಾರ್ ಸೈಕಲ್ಲಿಗೆ ಇಟ್ಟ ‘ಫಟಫಟಿ’ಯನ್ನೂ ಇಲ್ಲಿ ನೆನೆಯಬಹುದು.

ಹಳೆಯ ಉಗಿಬಂಡಿಗೆ ಜಾವಾದವರು ‘ಸೆಪುರ್ ಕ್ಲುಟುಕ್’ ಎಂದರು. ‘ಸೆಪುರ್’ ಡಚ್ಚರಿಂದ ಬಂದದ್ದು, ‘ಕ್ಲುಟುಕ್’ ಹಳಿಯಿಂದ ಬಂದದ್ದು. 2009ರಲ್ಲಿ ಸುರಕರ್ತದ ಮುಖ್ಯ ರಸ್ತೆಯ ಮಗ್ಗುಲಲ್ಲೇ ಪ್ರವಾಸಿಗಳಿಗಾಗಿ ಹಳೆಯ ಉಗಿಬಂಡಿಯೊಂದನ್ನು ಓಡಿಸಲು ಶುರುಮಾಡಿದಾಗ ಇಟ್ಟ ಹೆಸರು ‘ಸೆಪುರ್ ಕ್ಲುಟುಕ್ ಜಲದರ’. ಜಲದರ ಎಂದರೆ ನಮ್ಮ ಜಲಧರ, ಮೋಡ. ಡಚ್ ಹಳಿ, ಜಾವಾದ ಸದ್ದು, ಸಂಸ್ಕೃತದ ಹೊಗೆ!

ಊರಿನ ಕಾವಲು ಕಟ್ಟೆಯಲ್ಲಿ ತೂಗುಬಿಟ್ಟಿರುವ ಪೊಳ್ಳು ಮರದ ಅಥವಾ ಬಿದಿರಿನ ಡೋಲು ‘ಕೆಂಟೊಂಗನ್’. ಒಳಗೆ ಟೊಳ್ಳಿರುವುದರಿಂದ ಮರವಾದರೂ ‘ಟೊಂಗ್’ ಎಂದು ಮೊಳಗುತ್ತದೆ. ಅದನ್ನು ಬಿಡುವಿಲ್ಲದೆ ಬಡಿದರೆ ‘ತಿತಿರ್’. ಆಪತ್ತು ಬಂದಿದೆ ಎಂದು ಊರು ಏಳಬೇಕು. ಮಸೀದಿಯ ದೊಡ್ಡ ಚರ್ಮವಾದ್ಯ ‘ಬೆಡುಗ್’. ಅದು ಮಧ್ಯಾಹ್ನ ಮೊಳಗುವುದರಿಂದ ನಡುಹಗಲಿಗೇ ‘ಬೆಡುಗ್’ ಎಂಬ ಹೆಸರು ಬಂತು. ಸದ್ದು ಗಡಿಯಾರವೂ ಆಯಿತು.

ಭತ್ತ ಕುಟ್ಟುವ ಮರದ ಉದ್ದನೆಯ ಒರಳು ‘ಲೆಸುಂಗ್’. ನಾಲ್ಕಾರು ಹೆಂಗಸರು ಒನಕೆಗಳಿಂದ ತಾಳ ತಪ್ಪದೆ ಬರಿಯ ಒರಳನ್ನು ಬಡಿದು ನುಡಿಸುವುದಕ್ಕೆ ‘ಕೊಟೆಕನ್’ ಎಂತಲೂ ‘ಗೆಜೊಗ್ ಲೆಸುಂಗ್’ ಎಂತಲೂ ಹೇಳುತ್ತಾರೆ. ಎರಡೂ ಬಡಿತದ ಸದ್ದೇ. ಗ್ರಹಣದ ಹೊತ್ತಿನಲ್ಲಿ ಇದನ್ನು ನುಡಿಸುವ ಪದ್ಧತಿಯಿತ್ತು. ಕಾರಣಕ್ಕೆ ಒಂದು ಕಥೆ: ಅಮೃತ ಕುಡಿದ ಕಾಲ ರಾವುವಿನ ಕತ್ತನ್ನು ವಿಷ್ಣು ಚಕ್ರದಿಂದ ಕತ್ತರಿಸಿದಾಗ ತಲೆ ಆಕಾಶದಲ್ಲಿ ಉಳಿಯಿತು, ಮುಂಡ ಭೂಮಿಗೆ ಬಿದ್ದು ಒರಳಾಯಿತು. ಇಲ್ಲಿ ಒರಳನ್ನು ಬಡಿದರೆ ಅಲ್ಲಿ ರಾವುವಿಗೆ ನೋವಾಗಿ ಚಂದ್ರನನ್ನು ಉಗುಳುತ್ತಾನೆ. ರಾವು ಎಂದರೆ ನಮ್ಮ ರಾಹುವೇ. ಗ್ರಹಣಕ್ಕೆ ಕಾರಣ ನೆರಳೆಂದು ಈಗ ಅಲ್ಲಿನ ಮಕ್ಕಳೂ ಬಲ್ಲರು. ಆದರೆ ಒರಳಿನ ತಾಳದಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಕೆಟೊಪ್ರಕ್’ ಎಂಬ ಜಾನಪದ ನಾಟಕ ಹುಟ್ಟಿತು. ಅದರ ಹೆಸರಿನ ‘ಪ್ರಕ್’ ಕೂಡ ಮರದ ಹಲಗೆಯ ಸದ್ದೆನ್ನುತ್ತಾರೆ.

ಭೂಮಿಯೇ ತನಗೆ ಹೆಸರಿಟ್ಟುಕೊಂಡದ್ದೂ ಇದೆ. ಗ್ರೊಬೊಗನ್ ಜಿಲ್ಲೆಯ ಕುವು ಎಂಬ ಹಳ್ಳಿಯಲ್ಲಿ ಸಮುದ್ರದಿಂದ ಹತ್ತಾರು ಕಿಲೊಮೀಟರ್ ಒಳಗೆ ಒಂದು ಕೆಸರಿನ ಬಯಲಿದೆ. ನೆಲದಾಳದ ಅನಿಲ ಬೂದುಬಣ್ಣದ ಕೆಸರನ್ನು ದೊಡ್ಡ ಗುಳ್ಳೆಯಾಗಿ ಉಬ್ಬಿಸುತ್ತದೆ, ಗುಳ್ಳೆ ಒಡೆಯುತ್ತದೆ: ‘ಬ್ಲೆದುಗ್’. ಸ್ವಲ್ಪ ಹೊತ್ತಿಗೆ ಮತ್ತೆ. ಅದರ ಹೆಸರೇ ಬ್ಲೆದುಗ್ ಕುವು. ಜೊತೆಗೆ ಬರುವ ನೀರು ಉಪ್ಪು. ಹಳ್ಳಿಯವರು ಅದನ್ನು ಸೀಳಿದ ಬಿದಿರಿನಲ್ಲಿ ಬಿಸಿಲಿಗಿಟ್ಟು ಉಪ್ಪು ಮಾಡುತ್ತಾರೆ.

ಹುಟ್ಟಿದ ಪದಕ್ಕೆ ಆಮೇಲೆ ಅರ್ಥ ಕಟ್ಟುವ ಆಟವೂ ಜಾವಾದವರಿಗೆ ಪ್ರಿಯ. ‘ಕೆರತ ಬಾಸ’ ಎಂದು ಅದರ ಹೆಸರು. ‘ಕ್ರಿಕಿಲ್’, ಬೆಣಚುಕಲ್ಲು, ಏಕೆ ಹಾಗೆ? ‘ಕೆರಿ ಇಂಗ್ ಸಿಕಿಲ್’, ಕಾಲಿಗೆ ಕಚಗುಳಿ. ‘ಗುರು’ ಏಕೆ? ‘ದಿಗುಗು ಲನ್ ದಿತಿರು’, ನಂಬಲು ತಕ್ಕವನು, ಅನುಕರಿಸಲು ತಕ್ಕವನು. ಸಂಸ್ಕೃತದ ಗುರು ಕೇಳಿದರೆ ನಕ್ಕಾನು. ಆದರೂ ಕೆಟ್ಟ ಅರ್ಥವೇನಲ್ಲ.

ಮನೆಯೊಳಗಿನ ಮಾತು

ಇಷ್ಟು ಶ್ರೀಮಂತಿಕೆಗೆ ಒಂದು ತೊಡಕಿದೆ. ಜಾವಾ ನುಡಿಯಲ್ಲಿ ಎದುರಿಗಿರುವವರ ಅಂತಸ್ತಿನಂತೆ ಪದಗಳೇ ಬದಲಾಗುತ್ತವೆ. ಗೆಳೆಯರೊಡನೆ, ಕಿರಿಯರೊಡನೆ ಆಡುವುದು ‘ಙೊಕೊ’. ಹಿರಿಯರೊಡನೆ, ಅಪರಿಚಿತರೊಡನೆ ‘ಕ್ರಮ’. ಮನೆ ಎಂಬುದಕ್ಕೆ ಙೊಕೊದಲ್ಲಿ ‘ಒಮಾಹ್’, ಕ್ರಮದಲ್ಲಿ ‘ಗ್ರಿಯ’ (ಗೃಹ), ಇನ್ನೂ ಗೌರವ ಬೇಕಾದರೆ ‘ದಲೆಮ್’. ಉಣ್ಣುವುದಕ್ಕೆ ಙೊಕೊದಲ್ಲಿ ‘ಮಙನ್’, ಕ್ರಮದಲ್ಲಿ ‘ನೆಡ’, ಹಿರಿಯರು ಉಂಡರೆ ‘ಡಹರ್’. ‘ನೀನು’, ‘ನೀವು’, ‘ತಾವು’ ಎಂಬಷ್ಟರಲ್ಲಿ ಮುಗಿಸುವ ನಮಗೆ ಇದು ಕಷ್ಟವೆನಿಸೀತು. ಅಲ್ಲಿನ ಹುಡುಗರಿಗೂ ಕಷ್ಟವೇ.

ಸದ್ದಿನ ಪದಗಳೆಲ್ಲ ಹೆಚ್ಚಾಗಿ ಙೊಕೊದ ಸೊತ್ತು. ‘ಗ್ಲುಡುಗ್’ಗೂ ‘ಮಕ್ ಬ್ರುಕ್’ಗೂ ಗೌರವದ ರೂಪವಿಲ್ಲ. ‘ಬೀಳು’ ಎಂಬುದಕ್ಕೆ ಕ್ರಮದಲ್ಲಿ ‘ಡವಾಹ್’ ಎಂಬ ಗಂಭೀರ ಪದವಿದೆ, ಧೊಪ್ಪನೆ ಎಂಬುದಕ್ಕಿಲ್ಲ. ಸಭೆಯಲ್ಲಿ ಆಡದ, ಪಠ್ಯಪುಸ್ತಕದಲ್ಲಿ ಅಷ್ಟಾಗಿ ಬಾರದ ಈ ಪದಗಳು ಅಡಿಗೆಮನೆ, ಗದ್ದೆ, ಜಗಲಿಯಲ್ಲಿ ಬಾಯಿಂದ ಬಾಯಿಗೆ ದಾಟಿಕೊಂಡೇ ಬದುಕಿವೆ.

ಆ ದಾರಿಯೇ ಈಗ ಕಿರಿದಾಗಿದೆ. 1928ರ ಅಕ್ಟೋಬರ್ 28ರಂದು ಇಂಡೊನೇಷ್ಯದ ತರುಣರು ಒಂದು ದೇಶ, ಒಂದು ಜನ ಎಂದು ಪ್ರತಿಜ್ಞೆ ಮಾಡಿದಾಗ ಐಕ್ಯದ ಭಾಷೆಯಾಗಿ ಆರಿಸಿದ್ದು ಮಲಯ್ ಮೂಲದ ಇಂಡೊನೇಷ್ಯನ್ ಭಾಷೆಯನ್ನು. ದೇಶದಲ್ಲಿ ಅತಿ ಹೆಚ್ಚು ಜನರಾಡುವ ಜಾವಾ ನುಡಿಯನ್ನಲ್ಲ. ಅಂತಸ್ತಿನ ಗೋಜಿಲ್ಲದ, ಎಲ್ಲ ದ್ವೀಪದವರಿಗೂ ಸಮಾನವಾದ ಭಾಷೆ ಬೇಕಿತ್ತು; ಅದು ಸರಿಯಾದ ತೀರ್ಮಾನವೇ ಆಗಿತ್ತೆನ್ನಬೇಕು. ಆದರೆ ಶಾಲೆ, ಕಚೇರಿ, ಟಿ.ವಿ. ಎಲ್ಲ ಇಂಡೊನೇಷ್ಯನ್ ಆದ ಮೇಲೆ ಪಟ್ಟಣದ ತಾಯಿತಂದೆಯರು ಮನೆಯಲ್ಲೂ ಮಕ್ಕಳೊಡನೆ ಅದನ್ನೇ ಆಡತೊಡಗಿದರು. ಮಗು ಅಜ್ಜನಿಗೆ ತಪ್ಪಿ ಙೊಕೊದಲ್ಲಿ ಮಾತಾಡಿ ಮರ್ಯಾದೆಗೆಡುವುದಕ್ಕಿಂತ ಇಂಡೊನೇಷ್ಯನ್ ಕ್ಷೇಮ ಎಂಬುದು ಅವರ ಲೆಕ್ಕ. ಜಾವಾ ನುಡಿ ಶಾಲೆಯಲ್ಲಿ ವಾರಕ್ಕೆ ಒಂದೆರಡು ಪೀರಿಯಡ್ಡಿನ ಪಾಠ. ಆ ಪೀರಿಯಡ್ಡಿನಲ್ಲಿ ಕ್ರಮದ ಸಭ್ಯ ಪದಗಳನ್ನು ಕಲಿಸುತ್ತಾರೆ, ಹನಚರಕ ಬರೆಸುತ್ತಾರೆ. ‘ಮಕ್ ತ್ರತಪ್’ ಕಲಿಯಬೇಕಾದರೆ ಎದೆ ಧಸಕ್ಕೆಂದಾಗ ಪಕ್ಕದಲ್ಲಿ ಹಾಗೆನ್ನುವವರು ಇರಬೇಕಾಗುತ್ತದೆ.

ಕೆಲವು ಪದಗಳು ಇಂಡೊನೇಷ್ಯನ್ ಭಾಷೆಗೇ ಹಾರಿ ಉಳಿದುಕೊಂಡಿವೆ. ಕೆಲೊಂಟೊಂಗ್ ಹಾಗೆ ಹೋದದ್ದು, ಞೆಂಪ್ಲುಂಗ್ ಹಾಗೆ ಹೋದದ್ದು. ಇತ್ತೀಚಿನ ದೊಡ್ಡ ಜಿಗಿತ ‘ಮಕ್ ಞುಸ್’ನದು. ನಾಲಿಗೆಗೆ ಬಿದ್ದದ್ದು ಹಿತವಾಗಿ ಒಳಗಿಳಿದಾಗ ಆಡುವ ಮಾತು ಅದು. ಪತ್ರಕರ್ತರಾಗಿದ್ದು ಟಿ.ವಿ.ಯಲ್ಲಿ ಊರೂರಿನ ಅಡಿಗೆ ಪರಿಚಯಿಸುತ್ತಿದ್ದ ಬೊಂಡಾನ್ ವಿನಾರ್ನೊ ಅದನ್ನು ಪ್ರತಿ ತುತ್ತಿಗೂ ಹೇಳಿ ದೇಶಕ್ಕೆಲ್ಲ ಹಬ್ಬಿಸಿದರು. ಜಾವಾದ ಕಥೆಗಾರ, ಸಮಾಜಶಾಸ್ತ್ರಜ್ಞ ಉಮರ್ ಕಯಾಮ್ ಅವರ ಬಾಯಿಂದ ತಾನು ಅದನ್ನು ಎತ್ತಿಕೊಂಡದ್ದೆಂದು ಬೊಂಡಾನ್ ಹೇಳಿಕೊಂಡಿದ್ದರು. ಬೊಂಡಾನ್ 2017ರಲ್ಲಿ ತೀರಿಕೊಂಡರು. ಮಾತು ಉಳಿಯಿತು.

ಆದರೆ ಉಳಿದದ್ದು ಬೇರೆ ರೂಪದಲ್ಲಿ. ಇಂಡೊನೇಷ್ಯನ್‌ನಲ್ಲಿ ಅದನ್ನು ಒಂದೇ ಪದವಾಗಿ ‘ಮಕ್ಞುಸ್’ ಎಂದು ಬರೆಯುತ್ತಾರೆ. ಅರ್ಥ ‘ಬಲು ರುಚಿ’, ಅಷ್ಟೇ. ಅದರ ತಲೆಯಲ್ಲಿರುವ ‘ಮಕ್’ ಬಿಡಿಸಿ ತೆಗೆಯಬಹುದಾದ ಪದವೆಂದು ಜಕಾರ್ತದ ಹುಡುಗನಿಗೆ ಅನ್ನಿಸುವುದಿಲ್ಲ. ಸುರಕರ್ತದ ಹಳೆಯ ಅಡಿಗೆಮನೆಯಲ್ಲಿ ಮಾತ್ರ ಅದು ಇನ್ನೂ ಬಿಡಿಯಾಗಿಯೇ ಓಡಾಡುತ್ತಿದೆ: ಸಾರು ಗಂಟಲಿಗಿಳಿದರೆ ಮಕ್ ಞುಸ್, ತಂಪು ನೀರು ತಗುಲಿದರೆ ಮಕ್ ಞೆಸ್, ಹಂಡೆ ಕೈಜಾರಿದರೆ ಮಕ್ ಕ್ಲೊಂಟಾಂಗ್.